ಗೀಸರ್, ಸಿಲಿಂಡರ್, ಸ್ಕೂಟರ್, ವಿಮಾನ: ಇಂಗಾಲದ ಲೆಕ್ಕದಲ್ಲಿ ಯಾವುದಕ್ಕಿಂತ ಯಾವುದು ವಾಸಿ?

ಕರೆಂಟಿನದ್ದಾದರೆ ಶುದ್ಧ, ಬೆಂಕಿಯದ್ದಾದರೆ ಕೊಳಕು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ರಾಯಚೂರಿನಲ್ಲಿ ಕಲ್ಲಿದ್ದಲು ಸುಟ್ಟ ಹೊಗೆ ಬೆಂಗಳೂರಿನ ಬಚ್ಚಲಿಗೆ ಕಾಣುವುದಿಲ್ಲವಲ್ಲ, ಅದಕ್ಕೆ. ಆದರೆ ಪೆನ್ನು ಕಾಗದ ಹಿಡಿದು ಕೂತರೆ ಈ ನಂಬಿಕೆ ಕೆಲವು ಕಡೆ ನಿಲ್ಲುತ್ತದೆ, ಕೆಲವು ಕಡೆ ಪೂರ್ತಿ ತಲೆಕೆಳಗಾಗುತ್ತದೆ. ಮನೆಯಲ್ಲಿ ಏನನ್ನಾದರೂ ಕೊಳ್ಳುವ, ಬದಲಿಸುವ ಹೊತ್ತಿನಲ್ಲಿ ಇಂಗಾಲದ ದೃಷ್ಟಿಯಿಂದ ಹೇಗೆ ಹೋಲಿಸಬೇಕು ಅನ್ನುವುದಕ್ಕಾಗಿ ಈ ಬರಹ. ದುಡ್ಡಿನ ಮಾತೂ ಬರುತ್ತದೆ, ಅದಿಲ್ಲದೆ ಯಾವ ಮನೆಯಲ್ಲೂ ಏನೂ ಬದಲಾಗುವುದಿಲ್ಲ.

ಮೊದಲು ನಾಲ್ಕು ಅಂಕಿ

ಇಂಗಾಲದ ಹೆಜ್ಜೆಗುರುತು ಲೆಕ್ಕ ಹಾಕುವ ಆ್ಯಪ್‌ಗಳು ಬೇಕಾದಷ್ಟಿವೆ. ಹೆಚ್ಚಿನವು ಯುರೋಪ್, ಅಮೆರಿಕದ ಮನೆಗಳಿಗೆ ಹೊಲಿದ ಅಂಗಿ. ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಎಷ್ಟು ಗ್ಯಾಸ್ ಎಂದು ಕೇಳುತ್ತವೆ. ಬಕೆಟ್ಟಿನಲ್ಲಿ ಸ್ನಾನ ಮಾಡುತ್ತೀರಾ ಎಂದು ಕೇಳುವುದಿಲ್ಲ. ಅವುಗಳ ಬದಲು ನಿಮ್ಮ ಕರೆಂಟ್ ಬಿಲ್ಲು, ಸಿಲಿಂಡರ್ ಬುಕ್ ಮಾಡಿದ ಮೆಸೇಜು, ಪೆಟ್ರೋಲ್ ಬಂಕಿನ ರಸೀದಿ ಇಟ್ಟುಕೊಳ್ಳಿ. ಕಲಿಯುವುದಕ್ಕೂ ಇದೇ ಒಳ್ಳೆಯ ದಾರಿ ಅಂತ ನನ್ನ ಅಭಿಪ್ರಾಯ. ಹಿಮನದಿ ಕರಗುವ ವಿಡಿಯೊ ಹತ್ತು ನೋಡಿದರೂ ತಲೆಗೆ ಹತ್ತದ್ದು ಒಂದು ಬಿಲ್ಲಿನಲ್ಲಿ ಹತ್ತುತ್ತದೆ.

ಒಂದು ಯೂನಿಟ್ ಕರೆಂಟಿಗೆ ಸುಮಾರು 0.72 ಕೆ.ಜಿ. ಇಂಗಾಲದ ಡೈಆಕ್ಸೈಡ್ (ಮುಂದೆ ಬರೇ ‘ಇಂಗಾಲ’ ಅಂದಾಗಲೂ ಇದೇ). ಇದು ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರತಿವರ್ಷ ಕೊಡುವ ದೇಶದ ಸರಾಸರಿಯ ಇತ್ತೀಚಿನ ಮಟ್ಟ. ಒಂದು ಲೀಟರ್ ಪೆಟ್ರೋಲಿಗೆ 2.3 ಕೆ.ಜಿ., ಡೀಸೆಲ್‌ಗೆ 2.7 ಕೆ.ಜಿ. ಒಂದು ಕೆ.ಜಿ. ಎಲ್‌ಪಿಜಿಗೆ ಸುಮಾರು 3 ಕೆ.ಜಿ., ಅಂದರೆ 14.2 ಕೆ.ಜಿ.ಯ ಮನೆ ಸಿಲಿಂಡರ್ ಒಂದಕ್ಕೆ 42 ಕೆ.ಜಿ. ಈ ನಾಲ್ಕು ಗೊತ್ತಿದ್ದರೆ ಕೆಳಗಿನ ಲೆಕ್ಕಗಳನ್ನೆಲ್ಲ ನೀವೇ ಹಾಕಬಹುದು.

"ನಮ್ಮಲ್ಲಿ ಶರಾವತಿ ಇದೆ, ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ, ಕೈಗಾ ಇದೆ, ಕರ್ನಾಟಕದ ಕರೆಂಟಿಗೆ ದೇಶದ ಸರಾಸರಿ ಯಾಕೆ ಹಚ್ಚುತ್ತೀರಿ?" ಅನ್ನುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನು ಜೋಡಣೆಯಾದಾಗ ದಕ್ಷಿಣದ ಜಾಲ ದೇಶದ ಉಳಿದ ಜಾಲಕ್ಕೆ ಸೇರಿಹೋಯಿತು. ಅಂದಿನಿಂದ ಇಡೀ ದೇಶಕ್ಕೆ ಒಂದೇ ಗ್ರಿಡ್. ನೀವಿಲ್ಲಿ ಒಂದು ಯೂನಿಟ್ ಉಳಿಸಿದರೆ ಎಲ್ಲೋ ಒಂದು ಕಲ್ಲಿದ್ದಲು ಘಟಕಕ್ಕೆ ಅಷ್ಟು ಕೆಲಸ ಕಮ್ಮಿ. ಹಾಗಾಗಿ ಸರಾಸರಿಯೇ ಸರಿ.

ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಉಚಿತ ಇರುವವರಿಗೆ ಒಂದು ಮಾತು: ಕಟ್ಟಬೇಕಾದ ಹಣದ ಜಾಗದಲ್ಲಿ ಸೊನ್ನೆ ಇದ್ದರೂ ಬಳಸಿದ ಯೂನಿಟ್ ಅದೇ ಬಿಲ್ಲಿನಲ್ಲಿ ಮೇಲ್ಗಡೆ ಇರುತ್ತದೆ. ನಮಗೆ ಬೇಕಿರುವುದು ಆ ಅಂಕಿ.

ಸ್ನಾನದ ನೀರು: ಐದು ದಾರಿ

ಎಸಿ ಇಲ್ಲದ ಮಧ್ಯಮ ವರ್ಗದ ಮನೆಯಲ್ಲಿ ಕರೆಂಟನ್ನು ಅತಿ ಹೆಚ್ಚು ತಿನ್ನುವುದು ಸಾಮಾನ್ಯವಾಗಿ ಗೀಸರ್. ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ನಾಲ್ಕು ಜನರ ಮನೆ. ತಲೆಗೊಂದು ಬಕೆಟ್, ಅಂದರೆ 20 ಲೀಟರ್. ತೊಟ್ಟಿಯ ನೀರು 22 ಡಿಗ್ರಿ, ಮೈಮೇಲೆ ಹುಯ್ದುಕೊಳ್ಳುವಾಗ 42 ಡಿಗ್ರಿ. ಈ 80 ಲೀಟರ್ ಕಾಯಿಸಲು ಸೋರಿಕೆಯ ಶಾಖವೂ ಸೇರಿ ಗೀಸರ್‌ಗೆ ದಿನಕ್ಕೆ ಸುಮಾರು 2 ಯೂನಿಟ್ ಬೇಕು. ವರ್ಷಕ್ಕೆ 730 ಯೂನಿಟ್, ಸುಮಾರು 525 ಕೆ.ಜಿ. ಇಂಗಾಲ.

ಇದೇ ನೀರನ್ನು ಗ್ಯಾಸ್ ಗೀಸರ್‌ನಲ್ಲಿ ಕಾಯಿಸಿದರೆ ವರ್ಷಕ್ಕೆ ನಾಲ್ಕೂವರೆ ಸಿಲಿಂಡರ್ ಹೋಗುತ್ತದೆ, ಇಂಗಾಲ 200 ಕೆ.ಜಿ. ಹತ್ತಿರ. ಹೌದು, ಅರ್ಧಕ್ಕಿಂತ ಕಮ್ಮಿ. ಕಲ್ಲಿದ್ದಲು ಸುಟ್ಟು ಉಗಿ ಮಾಡಿ, ಉಗಿಯಿಂದ ಟರ್ಬೈನ್ ತಿರುಗಿಸಿ, ಕರೆಂಟ್ ಮಾಡಿ, ಅದನ್ನು ನೂರಾರು ಮೈಲಿ ತಂತಿಯಲ್ಲಿ ತಂದು ಮತ್ತೆ ಶಾಖ ಮಾಡುವ ಸುತ್ತುಬಳಸಿನಲ್ಲಿ ಮೂರನೇ ಎರಡರಷ್ಟು ಶಕ್ತಿ ದಾರಿಯಲ್ಲೇ ಪೋಲು. ಹಾಗಂತ ನಾಳೆಯೇ ಗ್ಯಾಸ್ ಗೀಸರ್ ತರಬೇಡಿ. ಕಿಟಕಿ ಮುಚ್ಚಿದ ಪುಟ್ಟ ಬಾತ್‌ರೂಮಿನೊಳಗೆ ಅದನ್ನು ಕೂರಿಸಿ ಕಾರ್ಬನ್ ಮೊನಾಕ್ಸೈಡ್‌ನಿಂದ ಜೀವ ಹೋದ ಸುದ್ದಿ ಚಳಿಗಾಲ ಬಂದರೆ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಆ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಯಂತ್ರ ಹೊರಗಿನ ಯುಟಿಲಿಟಿಯಲ್ಲಿದ್ದು ಬಿಸಿನೀರು ಮಾತ್ರ ಪೈಪಿನಲ್ಲಿ ಒಳಗೆ ಬರುವುದಾದರೆ ಯೋಚಿಸಿ. ಇಲ್ಲವಾದರೆ ಇಂಗಾಲ ಎಷ್ಟೇ ಕಮ್ಮಿಯಿರಲಿ, ಆ ಮಾತು ಅಲ್ಲಿಗೇ ಬಿಡಿ.

ಸೋಲಾರ್ ವಾಟರ್ ಹೀಟರ್ ವಿಷಯದಲ್ಲಿ ಬೆಂಗಳೂರು ದೇಶಕ್ಕೇ ಮುಂದು. ಟೆರೇಸ್ ಮೇಲೆ ನಿಂತು ನೋಡಿದರೆ ಸಾಕು, ಸಾಲುಸಾಲು ಟ್ಯಾಂಕುಗಳು. ಮೋಡದ ದಿನಗಳಿಗೆ ಕರೆಂಟಿನ ಕಾಯಿಲ್ ಸೇರಿಸಿದರೂ ಬಯಲುಸೀಮೆಯಲ್ಲಿ ವರ್ಷಕ್ಕೆ 100 ಕೆ.ಜಿ. ಆಸುಪಾಸಿನಲ್ಲಿ ಮುಗಿಯುತ್ತದೆ. ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರ ಮೇಲೆ ಹೆಚ್ಚು ಭರವಸೆ ಇಡಬೇಡಿ. ಕೊಳ್ಳುವಾಗ ಮಾರುವವರು ಟ್ಯೂಬಿನದ್ದೋ ಪ್ಲೇಟಿನದ್ದೋ ಎಂದು ಕೇಳುತ್ತಾರೆ. ಗಾಜಿನ ಟ್ಯೂಬಿನದ್ದು ಅಗ್ಗ, ಮೋಡದಲ್ಲೂ ಸ್ವಲ್ಪ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಗಾಜು ಗಾಜೇ. ತಾಮ್ರದ ಫ್ಲಾಟ್ ಪ್ಲೇಟ್ ದುಬಾರಿ, ಬಾಳಿಕೆ ಜಾಸ್ತಿ. ಕೋಲಾರ, ತುಮಕೂರು, ಚಿತ್ರದುರ್ಗದ ಕಡೆಯ ಗಡಸು ಬೋರ್‌ವೆಲ್ ನೀರಿಗೆ ಎರಡರಲ್ಲೂ ಸುಣ್ಣ ಕಟ್ಟುತ್ತದೆ. ಪ್ಲೇಟಿನದ್ದೇ ಆದರೆ, ಬೋರ್‌ವೆಲ್ ನೀರು ಪ್ಲೇಟಿನೊಳಗೆ ಹೋಗದಂತೆ ಶಾಖವನ್ನಷ್ಟೇ ದಾಟಿಸುವ ಹೀಟ್ ಎಕ್ಸ್‌ಚೇಂಜರ್ ಇರುವ ಮಾದರಿ ಕೇಳಿ ತೆಗೆದುಕೊಳ್ಳಿ.

ಯಾವ ಮಾರಾಟಗಾರನೂ ಹೇಳದ ಸಂಗತಿ ಪೈಪಿನದು. ಮೂರು ಮಹಡಿ ಮನೆಯ ಟೆರೇಸಿನಿಂದ ನೆಲಮಹಡಿ ಬಚ್ಚಲಿಗೆ ಸುತ್ತಿ ಬಳಸಿ ಇಳಿದ ಒಂದಿಂಚಿನ ಪೈಪಿನಲ್ಲಿ ಪ್ರತಿ ಮೀಟರಿಗೆ ಅರ್ಧ ಲೀಟರ್ ತಣ್ಣೀರು ನಿಂತಿರುತ್ತದೆ. 15 ಮೀಟರ್ ಪೈಪಾದರೆ ನಲ್ಲಿ ತಿರುಗಿಸಿದ ಮೇಲೆ ಮೊದಲ ಏಳೆಂಟು ಲೀಟರ್ ತಣ್ಣಗೇ ಬರುತ್ತದೆ. ಅದನ್ನು ಚರಂಡಿಗೆ ಬಿಟ್ಟು ಬಿಸಿ ಬರುವವರೆಗೆ ಕೈಯೊಡ್ಡಿ ನಿಲ್ಲುವ ಮನೆಗಳೇ ಹೆಚ್ಚು. ಒಂದು ಬಕೆಟ್ ಹಿಡಿದರೆ ಬಟ್ಟೆ ನೆನೆಸಲು ಆಯಿತು. ಹೊಸ ಮನೆ ಕಟ್ಟುವವರು ಪ್ಲಂಬರ್‌ಗೆ ಮುಕ್ಕಾಲು ಇಂಚಿನ ಪೈಪು, ಅದರ ಮೇಲೆ ಫೋಮ್ ಹೊದಿಕೆ ಎಂದು ಮೊದಲೇ ಹೇಳಿ. ಗೋಡೆ ಪ್ಲಾಸ್ಟರ್ ಆದಮೇಲೆ ಹೇಳಿ ಪ್ರಯೋಜನವಿಲ್ಲ.

ನಾಲ್ಕನೆಯದು ಹೀಟ್ ಪಂಪ್. ಫ್ರಿಜ್ಜಿನ ಕೆಲಸವನ್ನು ಉಲ್ಟಾ ಮಾಡುವ ಯಂತ್ರ. ಹೊರಗಿನ ಗಾಳಿಯ ಶಾಖ ಹೀರಿ ನೀರಿಗೆ ಹಾಕುವುದರಿಂದ ಒಂದು ಯೂನಿಟ್ಟಿಗೆ ಮೂರು ಯೂನಿಟ್ಟಿನ ಕೆಲಸ. ನಮ್ಮ ನಾಲ್ವರ ಲೆಕ್ಕಕ್ಕೆ ವರ್ಷಕ್ಕೆ 175 ಕೆ.ಜಿ. ಒಂದೇ ಮನೆಗೆ ಬೆಲೆ ಭಾರ. ಟೆರೇಸಿನ ಹಕ್ಕಿಲ್ಲದ ಅಪಾರ್ಟ್‌ಮೆಂಟ್, ಹಾಸ್ಟೆಲ್, ಪಿಜಿಗಳಿಗೆ ಹೇಳಿ ಮಾಡಿಸಿದ್ದು.

ಐದನೆಯದು ಹಂಡೆ ಒಲೆ. ತೋಟದ ಮನೆಯಲ್ಲಿ ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ, ಒಣಗಿದ ಸೋಗೆ ಸುಟ್ಟು ನೀರು ಕಾಯಿಸುವವರ ಇಂಗಾಲ ಮುಂದಿನ ಫಸಲಿನಲ್ಲಿ ಮತ್ತೆ ಗಿಡಕ್ಕೆ ಹೋಗುತ್ತದೆ, ಆ ಮಟ್ಟಿಗೆ ಪಾಪವಿಲ್ಲ. ಬೆಳಗ್ಗೆ ಎದ್ದು ಉರಿ ಹಾಕುವವರ ಶ್ವಾಸಕೋಶದ ಲೆಕ್ಕ ಬೇರೆ. ಹೊಗೆಯ ಮಸಿಯೂ ಭೂಮಿಯನ್ನು ಬಿಸಿ ಮಾಡುವ ಪದಾರ್ಥವೇ. ಚಿಮಣಿ ಇರುವ ಸುಧಾರಿತ ಒಲೆ ಹಾಕಿಸಿಕೊಂಡರೆ ಎರಡೂ ಹದಕ್ಕೆ ಬರುತ್ತವೆ. ಪೇಟೆಯಲ್ಲಿ ಸೌದೆ ಕೊಂಡು ಸುಡುವುದಕ್ಕೆ ಮಾತ್ರ ಯಾವ ಸಮರ್ಥನೆಯೂ ಇಲ್ಲ.

ಇಷ್ಟೆಲ್ಲ ಹೋಲಿಸಿದ ಮೇಲೆ ಇದನ್ನು ನೋಡಿ. ನಿಮಿಷಕ್ಕೆ 9 ಲೀಟರ್ ಸುರಿಸುವ ಶವರ್ ಕೆಳಗೆ ಎಂಟು ನಿಮಿಷ ನಿಂತರೆ 72 ಲೀಟರ್. ಅದನ್ನು ಗ್ಯಾಸಿನಲ್ಲಿ ಕಾಯಿಸಿದರೂ ಒಂದು ಸ್ನಾನಕ್ಕೆ ಅರ್ಧ ಕೆ.ಜಿ. ಇಂಗಾಲ. ನಮ್ಮ ಬೈಗುಳ ತಿಂದ ಕರೆಂಟ್ ಗೀಸರ್‌ನಲ್ಲಿ ಒಂದು ಬಕೆಟ್ ಕಾಯಿಸಿದರೆ 0.36 ಕೆ.ಜಿ. ಮಾತ್ರ. ಹಳೇ ಗೀಸರ್‌ನ ಬಕೆಟ್ ಸ್ನಾನ ಹೊಸ ಯಂತ್ರದ ಶವರ್ ಸ್ನಾನವನ್ನು ಸೋಲಿಸುತ್ತದೆ. ಸೋಲಾರ್ ಇದೆ ಎಂಬ ಧೈರ್ಯದಲ್ಲಿ ನಾಲ್ವರೂ ಶವರ್‌ಗೆ ನಿಂತರೆ 100 ಲೀಟರ್ ಟ್ಯಾಂಕ್ ಮೂರನೆಯವರಿಗೇ ತಣ್ಣಗಾಗಿ, ಕಾಯಿಲ್ ಹೊತ್ತಿಕೊಳ್ಳುತ್ತದೆ. ಬಾಡಿಗೆ ಮನೆಯವರಿಗೆ ಇದಕ್ಕಿಂತ ಅಗ್ಗದ ಉಪಾಯ ಇಲ್ಲ: ಬಕೆಟ್ಟಿಗೆ ಬನ್ನಿ, ಥರ್ಮೋಸ್ಟಾಟ್ 50ಕ್ಕೆ ಇಳಿಸಿ, ಸ್ನಾನವಾದ ಕೂಡಲೇ ಸ್ವಿಚ್ ಆರಿಸಿ.

ಒಲೆ: ಇಂಡಕ್ಷನ್ನೋ ಗ್ಯಾಸೋ?

ಇಲ್ಲೂ ಅದೇ ಕಥೆ. ಇಂಡಕ್ಷನ್ ಒಲೆ ಶಾಖವನ್ನು ಪಾತ್ರೆಗೆ ಮುಟ್ಟಿಸುವುದರಲ್ಲಿ ಗ್ಯಾಸಿಗಿಂತ ಎಷ್ಟೋ ಮುಂದು, ಶೇ 85ರ ಹತ್ತಿರ. ಗ್ಯಾಸ್ ಒಲೆ ಶೇ 60 ದಾಟಿದರೆ ಪುಣ್ಯ. ಆದರೂ ಒಂದು ಕೆ.ಜಿ. ಗ್ಯಾಸ್ ಮಾಡುವ ಅಡುಗೆಗೆ ಇಂಡಕ್ಷನ್ ಸುಮಾರು 9 ಯೂನಿಟ್ ತೆಗೆದುಕೊಳ್ಳುತ್ತದೆ. 3 ಕೆ.ಜಿ. ಇಂಗಾಲ ಒಂದು ಕಡೆ, ಆರೂವರೆ ಕೆ.ಜಿ. ಇನ್ನೊಂದು ಕಡೆ. ಗ್ಯಾಸನ್ನು ಹೊರದೇಶದಿಂದ ಹಡಗಿನಲ್ಲಿ ತರುವ ಖರ್ಚು ಸೇರಿಸಿದರೂ ಇವತ್ತಿನ ಗ್ರಿಡ್‌ನಲ್ಲಿ ಗ್ಯಾಸೇ ಮೇಲು. ಮೇಲ್ಚಾವಣಿಯಲ್ಲಿ ಸೋಲಾರ್ ಪ್ಯಾನೆಲ್ ಇದ್ದು ಮಧ್ಯಾಹ್ನ ಅಡುಗೆ ಮಾಡುವವರಿಗೆ ತೀರ್ಪು ತಿರುಗುಮುರುಗಾಗುತ್ತದೆ. ಗ್ರಿಡ್ಡಿನಲ್ಲಿ ಸೂರ್ಯ, ಗಾಳಿಯ ಪಾಲು ಹೆಚ್ಚುತ್ತಾ ಹೋದ ಹಾಗೆ ಎಲ್ಲರಿಗೂ ತಿರುಗೀತು. ಅಲ್ಲಿಯವರೆಗೆ ಕಡಲೆಕಾಳು, ರಾಜ್ಮಾ ರಾತ್ರಿಯೇ ನೆನೆಹಾಕಿ ಕುಕ್ಕರ್‌ನಲ್ಲಿ ಕೂಗಿಸುವುದು ಎರಡು ಒಲೆಗಳ ಜಗಳಕ್ಕಿಂತ ಹೆಚ್ಚು ಉಳಿಸುತ್ತದೆ.

ಹಸು ಕಟ್ಟಿದವರಿಗೆ ಗೋಬರ್ ಗ್ಯಾಸ್ ಎಲ್ಲಕ್ಕಿಂತ ಮೇಲು, ಚರ್ಚೆಯೇ ಬೇಡ. ಡೋಮಿನ ಬಿರುಕು, ಸಡಿಲ ಪೈಪುಗಳ ಮೇಲೆ ಕಣ್ಣಿಟ್ಟಿರಿ. ಸುಡದೆ ಸೋರುವ ಮೀಥೇನ್ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಬಿಸಿ ಮಾಡುತ್ತದೆ.

ಎಸಿಯಲ್ಲಿ ನೋಡಬೇಕಾದ್ದು ಸ್ಟಾರ್ ಒಂದೇ ಅಲ್ಲ

ಎಸಿ ಕೊಳ್ಳುವಾಗ ಎಲ್ಲರೂ ಸ್ಟಾರ್ ಎಣಿಸುತ್ತಾರೆ. ಒಳಗಿರುವ ಗ್ಯಾಸ್ ಯಾವುದೆಂದು ಕೇಳುವವರು ಅಪರೂಪ. ಈಗ ಸಾಮಾನ್ಯವಾಗಿರುವ ಆರ್-32 ಅನಿಲ ಇಂಗಾಲದ ಡೈಆಕ್ಸೈಡ್‌ಗಿಂತ 675 ಪಟ್ಟು ಬಿಸಿ ಮಾಡುತ್ತದೆ, ಹಳೆಯ ಆರ್-22 ಸುಮಾರು 1,800 ಪಟ್ಟು, ಆರ್-410ಎ 2,000 ಪಟ್ಟಿಗೂ ಮೇಲೆ. ಆರ್-290 ಅಂದರೆ ಪ್ರೊಪೇನ್, ಅದರದ್ದು ಬರೇ 3. ಒಂದೂವರೆ ಟನ್ನಿನ ಎಸಿಯಲ್ಲಿರುವ ಮುಕ್ಕಾಲು ಕೆ.ಜಿ. ಚಿಲ್ಲರೆ ಆರ್-32 ಪೂರ್ತಿ ಸೋರಿಹೋದರೆ 500 ಕೆ.ಜಿ.ಗೂ ಹೆಚ್ಚು ಇಂಗಾಲಕ್ಕೆ ಸಮ. ನಾಲ್ವರು ವರ್ಷಪೂರ್ತಿ ಗೀಸರ್ ನೀರು ಮಿಂದಷ್ಟು! ಪ್ರತಿ ಬೇಸಿಗೆಗೂ "ಗ್ಯಾಸ್ ಕಮ್ಮಿಯಾಗಿದೆ ಸಾರ್, ತುಂಬಿಸಿಬಿಡೋಣ" ಅನ್ನುವ ಮೆಕ್ಯಾನಿಕ್‌ನ ಮಾತಿಗೆ ತಲೆಯಾಡಿಸುವ ಮೊದಲು ಸೋರಿಕೆ ಎಲ್ಲಿದೆ ಎಂದು ಸೋಪುನೊರೆ ಹಚ್ಚಿ ತೋರಿಸಲು ಹೇಳಿ. ಸರಿಯಾದ ಎಸಿಗೆ ಗ್ಯಾಸ್ ತುಂಬಿಸುತ್ತಲೇ ಇರುವ ಅಗತ್ಯವಿಲ್ಲ. ಮನೆ ಬದಲಿಸುವಾಗ ಬಿಚ್ಚುವವರು ಅನಿಲವನ್ನು ಹೊರಗಿನ ಯೂನಿಟ್ಟಿಗೆ ಎಳೆದಿಟ್ಟುಕೊಳ್ಳದೆ ಗಾಳಿಗೆ ಬಿಟ್ಟುಬಿಡುವುದು ಇನ್ನೊಂದು ದುರಭ್ಯಾಸ. ಎದುರಿಗೇ ನಿಂತು ನೋಡಿ.

ಫ್ಯಾನಿನದು ಸುಲಭ. ಹಳೆಯದು 75 ವ್ಯಾಟ್, ಬಿಎಲ್‌ಡಿಸಿ ಅನ್ನುವ ಹೊಸ ಬಗೆಯ ಮೋಟಾರಿನದ್ದು 30 ವ್ಯಾಟ್. ಹೆಚ್ಚು ಹೊತ್ತು ತಿರುಗುವ ಕೋಣೆಯದ್ದನ್ನು ಮೊದಲು ಬದಲಿಸಿ.

ಓಡಾಟ

ದಿನಕ್ಕೆ 30 ಕಿ.ಮೀ., ವರ್ಷಕ್ಕೆ 250 ದಿನ, ಒಟ್ಟು 7,500 ಕಿ.ಮೀ. ಅಂತ ಇಟ್ಟುಕೊಳ್ಳೋಣ. ಲೀಟರಿಗೆ 45 ಕೊಡುವ ಪೆಟ್ರೋಲ್ ಸ್ಕೂಟರ್ 380 ಕೆ.ಜಿ. ಉಗುಳುತ್ತದೆ. ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜಿಂಗ್ ನಷ್ಟವೂ ಸೇರಿ 190 ಕೆ.ಜಿ. ಸಿಲ್ಕ್ ಬೋರ್ಡ್ ಥರದ ಟ್ರಾಫಿಕ್ಕಿನಲ್ಲಿ ಲೀಟರಿಗೆ 13 ಕೊಡುವ ಪೆಟ್ರೋಲ್ ಕಾರಿನಲ್ಲಿ ಒಬ್ಬರೇ ಹೋದರೆ 1,300 ಕೆ.ಜಿ. ದಾಟುತ್ತದೆ. ಎಲೆಕ್ಟ್ರಿಕ್ ಕಾರು 800 ಕೆ.ಜಿ. ಆಸುಪಾಸು.

ಕಾರಿನಿಂದ ಕಾರಿಗೆ ನೋಡಿದರೆ ಹಸಿರು ನಂಬರ್ ಪ್ಲೇಟು ಗೆದ್ದಿದೆ. ಆದರೆ ಒಬ್ಬರೇ ಕೂತ ಆ ಕಾರು ಹಿಂದೆ ನಿಂತ ಪೆಟ್ರೋಲ್ ಸ್ಕೂಟರ್‌ಗಿಂತ ಎರಡು ಪಟ್ಟು ಇಂಗಾಲ ಮಾಡುತ್ತಿದೆ, ಹೊಗೆ ಕೊಳವೆ ಇಲ್ಲ ಅಷ್ಟೇ. ಸ್ಕೂಟರಿನವರು ಎಲೆಕ್ಟ್ರಿಕ್ ಸ್ಕೂಟರಿಗೆ ಹೋಗುವುದು ಸರಿಯಾದ ನಡೆ. ಸ್ಕೂಟರಿನಿಂದ ಎಲೆಕ್ಟ್ರಿಕ್ ಕಾರಿಗೆ ಏರಿ ಪರಿಸರ ಉಳಿಸಿದೆ ಅನ್ನುವುದು ಲೆಕ್ಕಕ್ಕೆ ಕೂರುವುದಿಲ್ಲ. ಬ್ಯಾಟರಿ ತಯಾರಿಕೆಯ ಇಂಗಾಲದ ಸಾಲವೂ ಇದೆ: ಸ್ಕೂಟರಿನ ಪುಟ್ಟ ಬ್ಯಾಟರಿಗೆ ಅದು ಸುಮಾರು ಹತ್ತು ಸಾವಿರ ಕಿಲೋಮೀಟರಿನೊಳಗೆ ತೀರುತ್ತದೆ, ಕಾರಿಗೆ ಬಹಳ ಹೆಚ್ಚು ಓಡಬೇಕು. ಆದ್ದರಿಂದ ಕಮ್ಮಿ ಓಡುವವರು ಇದ್ದ ಗಾಡಿಯನ್ನೇ ಇಟ್ಟುಕೊಳ್ಳುವುದು ವಾಸಿ. ಚಾರ್ಜಿಗೆ ಹಾಕುವುದಾದರೆ ರಾತ್ರಿಗಿಂತ ಆಫೀಸಿನಲ್ಲಿ ಮಧ್ಯಾಹ್ನ ಹಾಕಿ, ಸೋಲಾರ್ ಕರೆಂಟು ಜಾಲದಲ್ಲಿ ಧಾರಾಳವಾಗಿರುವ ಹೊತ್ತು ಅದು.

ಇನ್ನು ಬಸ್ಸು. ಲೀಟರಿಗೆ 4 ಕಿ.ಮೀ. ಓಡುವ ಡೀಸೆಲ್ ಬಸ್ಸಿನಲ್ಲಿ 35 ಜನ ಇದ್ದರೆ ತಲೆಗೆ ಕಿ.ಮೀ.ಗೆ 20 ಗ್ರಾಂಗೂ ಕಮ್ಮಿ, ವರ್ಷಕ್ಕೆ 145 ಕೆ.ಜಿ. ಎಲೆಕ್ಟ್ರಿಕ್ ಸ್ಕೂಟರ್‌ಗಿಂತಲೂ ವಾಸಿ, ಅದೂ ಹಳೇ ಡೀಸೆಲ್ ಗಾಡಿಯಲ್ಲಿ. ಮೇಲಾಗಿ ನೀವು ಹತ್ತಿದಿರೆಂದು ಬಸ್ಸು ಹೆಚ್ಚು ಡೀಸೆಲ್ ಕುಡಿಯುವುದಿಲ್ಲ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯ ಬಗ್ಗೆ ಆರ್ಥಿಕ ತಕರಾರು ಏನೇ ಇರಲಿ, ತುಂಬಿದ ಬಸ್ಸು ಇಂಗಾಲದ ಲೆಕ್ಕದಲ್ಲಿ ಒಳ್ಳೆಯ ಬಸ್ಸು. ಮೆಟ್ರೋಗೂ ಇದೇ ತರ್ಕ, ಸ್ಟೇಷನ್ನಿನಿಂದ ಮನೆವರೆಗಿನ ಕೊನೆಯ ಎರಡು ಕಿ.ಮೀ.ಗೆ ಒಂಟಿ ಕ್ಯಾಬ್ ಹಿಡಿಯದಿದ್ದರೆ.

ವಿಮಾನ ಹತ್ತುವವರಿಗೆ

ಮೇಲಿನದ್ದೆಲ್ಲ ಒಂದು ತೂಕ, ಇದೊಂದೇ ಒಂದು ತೂಕ. ಬೆಂಗಳೂರಿನಿಂದ ದೆಹಲಿಗೆ ಒಂದು ಸಲ ಹೋದರೆ ಸೀಟಿಗೆ ಸುಮಾರು 150 ಕೆ.ಜಿ. ಇಂಗಾಲ. ಮಧ್ಯಮ ಮನೆಯೊಂದು ಸೋಲಾರ್ ವಾಟರ್ ಹೀಟರ್ ಹಾಕಿಸಿ ವರ್ಷಕ್ಕೆ ಉಳಿಸಿದ 400 ಕೆ.ಜಿ. ಮೂರು ಸೀಟಿಗೂ ಸಾಲದು. ಬೆಂಗಳೂರು–ಸ್ಯಾನ್‌ಫ್ರಾನ್ಸಿಸ್ಕೋ ಹೋಗಿ ಬಂದರೆ ಎರಡು ಟನ್ ಮೀರುತ್ತದೆ. ಒಬ್ಬ ಸರಾಸರಿ ಭಾರತೀಯನ ಪಾಲಿಗೆ ಇಡೀ ವರ್ಷಕ್ಕೆ ಬರುವುದೇ ಸುಮಾರು ಎರಡು ಟನ್, ಅಮೆರಿಕನ್ನನಿಗೆ ಹದಿನಾಲ್ಕು. ಹೊರದೇಶದಲ್ಲಿರುವ ಮಕ್ಕಳು ಅಪ್ಪ ಅಮ್ಮನನ್ನು ನೋಡಲು ಬರಬೇಡಿ ಎಂದು ಯಾರೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಎರಡು ಸಲ ಹತ್ತತ್ತು ದಿನಕ್ಕೆ ಬರುವ ಬದಲು ಒಂದೇ ಸಲ ತಿಂಗಳುಗಟ್ಟಲೆ ಬಂದು ಇಲ್ಲಿಂದಲೇ ಕೆಲಸ ಮಾಡಿದರೆ ಅಪ್ಪ ಅಮ್ಮನಿಗೂ ಖುಷಿ. ಹುಬ್ಬಳ್ಳಿಗೆ, ಚೆನ್ನೈಗೆ, ಹೈದರಾಬಾದಿಗೆ ಮಾತ್ರ ರೈಲಿರುವಾಗ ವಿಮಾನ ಹತ್ತುವುದು ಶುದ್ಧ ಶೋಕಿ.

ಊಟ, ಬೇಗ ಬೇಗ

ನೀರು ನಿಲ್ಲಿಸಿದ ಭತ್ತದ ಗದ್ದೆ ಮೀಥೇನ್ ಹೊರಬಿಡುತ್ತದೆ. ಮಳೆಯಾಶ್ರಿತ ರಾಗಿ, ಜೋಳದ ಹೊಲದಲ್ಲಿ ಆ ತೊಂದರೆ ಇಲ್ಲ. ಮುದ್ದೆ, ರೊಟ್ಟಿ ಉಣ್ಣುವವರು ಈ ವಿಷಯದಲ್ಲಿ ಮೊದಲಿನಿಂದಲೂ ಮುಂದಿದ್ದಾರೆ. ಮಾಂಸದಲ್ಲಿ ಮೆಲುಕು ಹಾಕುವ ಕುರಿ, ಆಡು ಹೊಟ್ಟೆಯಿಂದ ಮೀಥೇನ್ ಬಿಡುತ್ತವೆ, ಕೋಳಿ ಬಿಡುವುದಿಲ್ಲ. ಮಟನ್ನಿನಿಂದ ಚಿಕನ್ನಿಗೆ, ಮೊಟ್ಟೆಗೆ ಇಳಿದರೂ ದೊಡ್ಡ ಇಳಿಕೆಯೇ. ಸಸ್ಯಾಹಾರಿಗಳು ಬೀಗಬೇಕಿಲ್ಲ. ಒಂದು ಕೆ.ಜಿ. ತುಪ್ಪದ ಹಿಂದೆ ಇಪ್ಪತ್ತು ಲೀಟರಿಗೂ ಮಿಕ್ಕಿ ಹಸುವಿನ ಹಾಲಿದೆ, ಹಸುವೂ ಮೆಲುಕು ಹಾಕುತ್ತದೆ.

ದುಡ್ಡು ಎಲ್ಲಿ ಹಾಕುವುದು?

ಸ್ವಂತ ಸೂರು, ನೆರಳಿಲ್ಲದ ಟೆರೇಸ್ ಇದ್ದವರಿಗೆ ವಾಟರ್ ಹೀಟರೋ ಪ್ಯಾನೆಲ್ಲೋ ಎಂಬ ಗೊಂದಲ. ಬಿಸಿನೀರು ಒಂದೇ ಗುರಿಯಾದರೆ ವಾಟರ್ ಹೀಟರ್. ಅದು ಬಿಸಿಲಿನ ಅರ್ಧದಷ್ಟನ್ನು ಹಿಡಿಯುತ್ತದೆ, ಪ್ಯಾನೆಲ್ ಹಿಡಿಯುವುದು ಐದನೇ ಒಂದು ಭಾಗ. ಆದರೆ ಪ್ಯಾನೆಲ್ಲಿನ ಕರೆಂಟು ಎಲ್ಲಕ್ಕೂ ಆಗುತ್ತದೆ, ಮಿಕ್ಕಿದ್ದು ಗ್ರಿಡ್ಡಿಗೆ ಹೋಗುತ್ತದೆ. ನಮ್ಮ ಬಿಸಿಲಿಗೆ ಒಂದು ಕಿಲೋವ್ಯಾಟ್ ವರ್ಷಕ್ಕೆ ಸುಮಾರು 1,400 ಯೂನಿಟ್ ಕೊಡುತ್ತದೆ, ಹತ್ತಿರ ಹತ್ತಿರ ಒಂದು ಟನ್ ಇಂಗಾಲ ಉಳಿತಾಯ. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟಿಗೆ 60,000, 3 ಕಿಲೋವ್ಯಾಟ್ ಹಾಗೂ ಮೇಲ್ಪಟ್ಟಿದ್ದಕ್ಕೆ 78,000 ರೂಪಾಯಿ ಸಹಾಯಧನ ನಿಗದಿಯಾಗಿದೆ. ಗೃಹಜ್ಯೋತಿಯ ಸೊನ್ನೆ ಬಿಲ್ಲಿನವರಿಗೆ ಪ್ಯಾನೆಲ್ ಹಾಕಿಸಲು ಹಣದ ಕಾರಣ ಸಿಗುವುದು ಕಷ್ಟ, ಅದು ನಿಜ. ತಿಂಗಳಿಗೆ 300 ಯೂನಿಟ್ ದಾಟುವವರಿಗೆ ಯೋಚಿಸಲು ಏನೂ ಇಲ್ಲ.

ಅಪಾರ್ಟ್‌ಮೆಂಟಿನವರಿಗೆ ತಮ್ಮ ಮನೆಯೊಳಗಿಗಿಂತ ಹೊರಗೆ ಹೆಚ್ಚು ಕೆಲಸವಿದೆ. ಸಂಘದ ವಾರ್ಷಿಕ ಸಭೆಯಲ್ಲಿ ಸಾಮಾನ್ಯ ಮೀಟರಿನ ಬಿಲ್ಲನ್ನು ಒಮ್ಮೆ ಓದಲು ಕೇಳಿ: ಬೋರ್‌ವೆಲ್ ಪಂಪು, ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಬ್ಲೋವರ್, ಹಗಲಿಡೀ ಉರಿಯುವ ಬೇಸ್‌ಮೆಂಟ್ ದೀಪ, ಲಿಫ್ಟು. ಎಸ್‌ಟಿಪಿ ಬ್ಲೋವರ್‌ಗೆ ಟೈಮರ್ ಇದೆಯಾ ಎಂದು ಕೇಳಿದರೆ ಮ್ಯಾನೇಜರ್ ಸಾಮಾನ್ಯವಾಗಿ ನಿರ್ವಹಣೆ ಗುತ್ತಿಗೆದಾರರ ಕಡೆ ಕೈ ತೋರಿಸುತ್ತಾರೆ. ಗುತ್ತಿಗೆ ಪತ್ರದಲ್ಲಿ ಯೂನಿಟ್ಟಿನ ಮಿತಿ ಬರೆದಿಲ್ಲದಿದ್ದರೆ ಅವರಿಗೂ ಉಳಿಸುವ ದರ್ದಿಲ್ಲ, ನವೀಕರಣದ ಹೊತ್ತಿಗೆ ಅದೊಂದು ಸಾಲು ಸೇರಿಸಿ.